ಬಲಗಡೆ ಸವೆದ ಸೌಟು

ನಮ್ಮ ಮನೆಯ ಉಪ್ಪಿಟ್ಟು ದಿನಾ ತಳ ಹಿಡಿಯುತ್ತದೆ. ಉರಿ ಸಣ್ಣ ಮಾಡಿದರೂ ಹಿಡಿಯುತ್ತದೆ, ಎಣ್ಣೆ ಧಾರಾಳವಾಗಿ ಬಿಟ್ಟರೂ ಹಿಡಿಯುತ್ತದೆ. ಹಾಸನದಲ್ಲಿ ಹೋಟೆಲುಗಳಿಗೇನು ಬರವೇ, ಈ ವಯಸ್ಸಿನಲ್ಲಿ ಯಾಕೆ ಈ ಒದ್ದಾಟ ಎಂದು ನೀವು ಕೇಳಬಹುದು. ನನ್ನ ಮಗಳು ಶುಭಾಳೂ ಕೇಳುತ್ತಾಳೆ. ಅವಳಿಗೆ ಅರಕಲಗೂಡಿನ ಕಚೇರಿಯೊಂದರಲ್ಲಿ ಕೆಲಸ. ಬೆಳಿಗ್ಗೆ ಬಸ್ಸು ಹಿಡಿಯುವ ಗಡಿಬಿಡಿಯಲ್ಲಿ ತಟ್ಟೆಯಲ್ಲಿರುವುದು ಕಪ್ಪಗಿದೆಯೋ ಬೆಳ್ಳಗಿದೆಯೋ ನೋಡದೆ ನಾಲ್ಕು ತುತ್ತು ನುಂಗಿ, "ಚೆನ್ನಾಗಿದೆ ಅಪ್ಪಾ" ಎಂದು ಸುಳ್ಳು ಹೇಳಿ ಓಡುತ್ತಾಳೆ. ಆ ಸುಳ್ಳು ಹೇಳುವ ಗುಣ ಅವಳ ಅಮ್ಮನಿಂದ ಬಂದದ್ದು. ಅವಳಿಗೂ ಯಾರ ಮನಸ್ಸನ್ನೂ ನೋಯಿಸಿ ಗೊತ್ತಿರಲಿಲ್ಲ.

ಅವಳು ಅಂದರೆ ರುಕ್ಮಿಣಿ, ನನ್ನ ಹೆಂಡತಿ. ನಾನು ರುಕ್ಕು ಅನ್ನುತ್ತಿದ್ದೆ. ಹೋಗಿ ವರ್ಷವಾಗುತ್ತಾ ಬಂತು. "ಎದೆ ಯಾಕೋ ಹಿಡ್ಕೊಂಡ ಹಾಗಿದೆ ಕಣ್ರೀ" ಎಂದವಳು ಆಟೋ ಬರುವ ಹೊತ್ತಿಗೆ ಇರಲಿಲ್ಲ. ಇದಕ್ಕಿಂತ ಹೆಚ್ಚು ಹೇಳಲು ನನಗೆ ಇನ್ನೂ ಬಾಯಿ ಬರುವುದಿಲ್ಲ. ಅಲ್ಲಿಯವರೆಗೆ ನಾನು ಒಲೆ ಹಚ್ಚಿದವನೇ ಅಲ್ಲ. ನಮ್ಮದು ಹೊಳೆನರಸೀಪುರದ ದೇವಸ್ಥಾನದ ಬೀದಿಯ ಮನೆತನ. ಅಡುಗೆಮನೆ ನಮ್ಮಮ್ಮನ ಮಡಿಯ ಕೋಟೆ. ಗಂಡಸರು ಹೊಸ್ತಿಲಿನಾಚೆ ನಿಂತು "ಕಾಫಿ" ಅನ್ನಬೇಕು, ಲೋಟ ಹೊರಗೆ ಬರುತ್ತದೆ, ತೆಗೆದುಕೊಂಡು ಹೋಗಬೇಕು, ಅಷ್ಟೇ. ಕೆಲಸದ ಮೇಲೆ ಊರೂರು ತಿರುಗಿ, ಕಡೆಗೆ ಹಾಸನದಲ್ಲಿ ಸ್ವಂತ ಮನೆ ಕಟ್ಟಿದರೂ ಅಮ್ಮ ತನ್ನ ಹೊಸ್ತಿಲನ್ನು ಜೊತೆಗೇ ತಂದಳು. ಅಮ್ಮ ತೀರಿಕೊಂಡ ಮೇಲೂ ಆ ಹೊಸ್ತಿಲು ದಾಟುವುದು ನನಗೆ ಅಭ್ಯಾಸವಾಗಲಿಲ್ಲ. ಈಗ ದಿನಾ ದಾಟುತ್ತೇನೆ.

ತಳ ಹಿಡಿಯುವುದರಲ್ಲಿ ತಪ್ಪು ನನ್ನದಲ್ಲ, ಸೌಟಿನದು ಎಂದು ನನ್ನ ವಾದವಾಗಿತ್ತು. ಅದು ಹಿತ್ತಾಳೆಯ ಭಾರದ ಸೌಟು. ರುಕ್ಕು ಮದುವೆಯಾಗಿ ಬರುವಾಗ ಅರಕಲಗೂಡಿನ ತೌರುಮನೆಯಿಂದ ಹೊಸದಾಗಿ ತಂದದ್ದು. ಪಲ್ಯ, ಉಪ್ಪಿಟ್ಟು, ಗೊಜ್ಜು, ಬೆಲ್ಲದ ಪಾಕ ಎಲ್ಲಕ್ಕೂ ಅದೇ. ನಾನು ಹಿಡಿದು ಕೆದಕಿದರೆ ಮಾತ್ರ ಆ ಸೌಟಿಗೂ ಬಾಣಲೆಗೂ ಆಗಿಬರುವುದಿಲ್ಲ. ಸೌಟಿನ ಅಂಚು ತಳಕ್ಕೆ ಕೂರದೆ ಒಂದು ಬೆರಳಗಲ ಜಾಗ ಹಾಗೇ ಉಳಿದು ಸೀದುಹೋಗುತ್ತದೆ. "ಎಸೀರಿ ಅಪ್ಪಾ ಅದನ್ನ, ಹೊಸದು ತಂದುಕೊಡ್ತೀನಿ" ಎಂದು ಶುಭಾ ಹೇಳುತ್ತಲೇ ಇದ್ದಳು. ಎಸೆಯುವುದಾದರೂ ಹೇಗೆ, ನೀವೇ ಹೇಳಿ. ಸೀರೆಗಳನ್ನು ಶಾಸ್ತ್ರದಂತೆ ಅವಳ ಅಕ್ಕತಂಗಿಯರು ತೆಗೆದುಕೊಂಡು ಹೋದರು. ಫೋಟೋ ಎಂದರೆ ಅವಳಿಗೆ ಆಗದು, ಗುಂಪಿನಲ್ಲಿ ಯಾರದೋ ಭುಜದ ಹಿಂದೆ ಅರ್ಧ ಮುಖ ಇಟ್ಟುಕೊಂಡು ನಿಂತಿರುವವೇ ಎಲ್ಲ. ಅವಳದು ಅಂತ ಕೈಯಲ್ಲಿ ಹಿಡಿಯುವುದಕ್ಕೆ ಈ ಮನೆಯಲ್ಲಿ ಉಳಿದದ್ದು ಆ ಹಾಳು ಸೌಟು ಒಂದೇ.

ಉಳಿಯುವುದು, ಉಳಿಯದೇ ಹೋಗುವುದು, ಇದು ನನ್ನ ಕಸುಬಿನ ಮಾತೂ ಹೌದು. ನಾನು ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರಾಗಿದ್ದವನು, ಬಹುಕಾಲ ಚನ್ನರಾಯಪಟ್ಟಣದ ಕಡೆ. ಪಳೆಯುಳಿಕೆಗಳ ಪಾಠವೆಂದರೆ ನನಗೆ ಎಲ್ಲಿಲ್ಲದ ಉತ್ಸಾಹ. ತಮಾಷೆಯೆಂದರೆ ವರ್ಷ ವರ್ಷ ಆ ಪಾಠ ಮಾಡಿದವನು ಒಂದೇ ಒಂದು ಪಳೆಯುಳಿಕೆಯನ್ನೂ ಮಕ್ಕಳಿಗೆ ತೋರಿಸಲಿಲ್ಲ. ತೋರಿಸುವುದಕ್ಕೆ ನಮ್ಮ ಸೀಮೆಯಲ್ಲಿ ಇಲ್ಲವೇ ಇಲ್ಲ. ಹೊಳೆನರಸೀಪುರದ ಸುತ್ತಿನ ಬಂಡೆಗಳಿಗೆ ಮುನ್ನೂರು ಕೋಟಿ ವರ್ಷಕ್ಕೂ ಮೀರಿದ ವಯಸ್ಸು. ಆ ಕಾಲಕ್ಕೆ ಮೂಳೆಯಿಲ್ಲ, ಚಿಪ್ಪಿಲ್ಲ, ಎಲೆಯಿಲ್ಲ. ಜೀವ ಎಂದು ಎಲ್ಲಾದರೂ ಇದ್ದಿದ್ದರೆ ನೀರಿನಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣದಾಗಿ ಇತ್ತು. ನಾವು ಓಡಾಡುವ ನೆಲ ಯಾರೂ ಹುಟ್ಟುವುದಕ್ಕೆ ಮುಂಚಿನ ನೆಲ.

ಅದನ್ನು ಹೇಳಿದರೆ ನಮ್ಮ ಹುಡುಗರು ನಂಬಬೇಕಲ್ಲ. ಪಾಠ ಮುಗಿದ ಮಾರನೆಯ ದಿನ ಮೇಜಿನ ಮೇಲೆ ಕಲ್ಲಿನ ರಾಶಿ ಬೀಳುತ್ತಿತ್ತು.

"ಸಾ, ಡೈನಾಸಾರ್ ಮೊಟ್ಟೆ ಸಾ!"

"ಎಲ್ಲಿ ಸಿಕ್ತೋ?"

"ನಮ್ ತ್ವಾಟದಾಗೆ ಸಾ. ಬಾವಿ ತೋಡೋವಾಗ."

"ಲೋ, ಇದು ಬರೀ ಕಲ್ಲು ಕಣೋ."

"ಒಳ್ಗಡೆ ಮರಿ ಇರ್ಬೌದು ಸಾ. ಒಡ್ದು ನೋಡಾನಾ?"

ಒಡೆದು ನೋಡಿಯೇ ಬಿಡುತ್ತಿದ್ದರು. ಒಳಗೂ ಕಲ್ಲೇ ಇರುತ್ತಿತ್ತು. ಅವರ ಮುಖ ಸಪ್ಪಗಾಗುವುದನ್ನು ನೋಡಿ ನನಗೂ ಬೇಜಾರಾಗುತ್ತಿತ್ತು.

ನಮ್ಮೂರಲ್ಲಿ ನಿಜವಾದ ಪಳೆಯುಳಿಕೆ ಇದ್ದದ್ದು ಒಂದೇ ಜಾಗದಲ್ಲಿ, ನಮ್ಮ ಮನೆಯ ದೇವರ ಪೆಟ್ಟಿಗೆಯಲ್ಲಿ. ಸಾಲಿಗ್ರಾಮ. ಹಿಮಾಲಯ ಏಳುವುದಕ್ಕೆ ಮುಂಚೆ ಅಲ್ಲಿದ್ದ ಸಮುದ್ರದಲ್ಲಿ ಈಜಿಕೊಂಡಿದ್ದ ಒಂದು ಸುರುಳಿ ಚಿಪ್ಪಿನ ಪ್ರಾಣಿ, ಸತ್ತು ಕೆಸರಿಗೆ ಬಿದ್ದು ಕಲ್ಲಾಗಿ, ಗಂಡಕಿ ನದಿಯಲ್ಲಿ ಉರುಳಿ, ಯಾವ ಅಜ್ಜನ ಜೋಳಿಗೆಯಲ್ಲೋ ಹೊಳೆನರಸೀಪುರಕ್ಕೆ ಬಂದು ಕೂತಿತ್ತು. ಕಾಲೇಜಿನಲ್ಲಿ ಇದನ್ನು ಕಲಿತ ಹೊಸತು. ಬೀಗುತ್ತಾ ಮನೆಗೆ ಬಂದು, "ಅಮ್ಮಾ, ಇದು ಬಸವನಹುಳುವಿನ ದೂರದ ನೆಂಟ" ಎಂದುಬಿಟ್ಟೆ.

"ಥೂ ನಿನ್ನ ಮುಖಕ್ಕಿಷ್ಟು! ದೇವರನ್ನ ಹುಳು ಅಂತೀಯೇನೋ, ಮುಂಡೇದೇ! ಇದಕ್ಕೇನಾ ಫೀಜು ಕಟ್ಟಿ ಓದಿಸ್ತಿರೋದು?" ಎಂದು ಅಮ್ಮ ಅಂದು ರಾತ್ರಿ ನನಗೆ ಊಟಕ್ಕೆ ತುಪ್ಪ ಹಾಕಲಿಲ್ಲ. ಬೆಳಿಗ್ಗೆ ಅಪ್ಪ ಎಂದಿನಂತೆ ಆ ಪುರಾತನ ಪ್ರಾಣಿಗೆ ಹಾಲಿನ ಅಭಿಷೇಕ ಮಾಡಿ ತುಳಸಿ ಏರಿಸಿದರು. ಈಗ ಯೋಚಿಸಿದರೆ, ಸತ್ತ ಮೇಲೆ ಅಷ್ಟು ಆದರ ಕಂಡ ಜೀವ ಭೂಮಿಯ ಮೇಲೆ ಬೇರೆ ಇರಲಾರದು.

ಪಾಠದ ತಿರುಳು ಇಷ್ಟು. ಸತ್ತದ್ದೆಲ್ಲ ಉಳಿಯುವುದಿಲ್ಲ. ನಾನು ಚಿಕ್ಕವನಿದ್ದಾಗ ಹೇಮಾವತಿಯ ದಡದಲ್ಲಿ ಒಂದು ಕರು ಸತ್ತುಬಿದ್ದಿತ್ತು. ದಿನಾ ಸ್ನಾನಕ್ಕೆ ಹೋಗುವಾಗ ಮೂಗು ಮುಚ್ಚಿಕೊಂಡು ನೋಡುತ್ತಿದ್ದೆ. ಮೊದಲು ಕಾಗೆ, ಆಮೇಲೆ ನಾಯಿ, ಆಮೇಲೆ ಇರುವೆ. ಮೂಳೆಗಳನ್ನೂ ನಾಯಿಗಳು ಒಂದೊಂದಾಗಿ ಎಳೆದುಕೊಂಡು ಹೋದವು. ಮಳೆಗಾಲದ ಹೊತ್ತಿಗೆ ಅಲ್ಲಿ ಕರು ಸತ್ತಿತ್ತು ಎಂಬುದಕ್ಕೆ ನನ್ನ ನೆನಪು ಬಿಟ್ಟರೆ ಸಾಕ್ಷಿಯಿರಲಿಲ್ಲ. ಎಲ್ಲರ ಗತಿಯೂ ಹೆಚ್ಚುಕಡಿಮೆ ಇದೇ. ಉಳಿಯಬೇಕಾದರೆ ಮೈಯಲ್ಲಿ ಮೂಳೆ, ಹಲ್ಲು, ಚಿಪ್ಪಿನಂಥ ಗಟ್ಟಿ ಭಾಗ ಇರಬೇಕು. ಸತ್ತ ಕೂಡಲೇ ಹೂಳಿನಲ್ಲಿ ಹೂತುಹೋಗಬೇಕು. ನೀರು ನಿಂತ ನೀರಾಗಿರಬೇಕು. ಆಮೇಲೆ ಯಾರೂ ಕದಡಬಾರದು. ಆಗ ಮಣ್ಣಿನೊಳಗಿನ ನೀರು ನಿಧಾನವಾಗಿ ತನ್ನಲ್ಲಿ ಕರಗಿರುವ ಖನಿಜವನ್ನು ಮೂಳೆಯ ಸಂದುಸಂದಿಗೂ ತುಂಬುತ್ತದೆ. ಮೂಳೆ ಹೋಗುತ್ತದೆ, ಮೂಳೆಯ ಆಕಾರದಲ್ಲಿ ಕಲ್ಲು ನಿಲ್ಲುತ್ತದೆ. ಮೇಲೆ ಪದರದ ಮೇಲೆ ಪದರ ಕೂರುತ್ತದೆ. ನೆಲ ಮೇಲೆದ್ದು, ಮಳೆ ಗಾಳಿಗೆ ಸವೆದು, ಎಂದೋ ಯಾರದೋ ಕಾಲಿಗೆ ಅದು ಎಡವಬೇಕು.

ಹಾಗೆ ಎಡವಿದ ತುಣುಕುಗಳಿಂದಲೇ ನಾವು ಜೀವದ ಚರಿತ್ರೆ ಕಟ್ಟಿರುವುದು. ಕೆಳಗಿನ ಪದರದಲ್ಲಿ ಚಿಪ್ಪಿನವು, ಅದರ ಮೇಲೆ ಮೀನು, ಅದರ ಮೇಲೆ ನೀರು ಬಿಟ್ಟು ನೆಲಕ್ಕೆ ತೆವಳಿದವು, ಅದರ ಮೇಲೆ ಹಲ್ಲಿಯ ಜಾತಿಯ ದೈತ್ಯರು, ಬಾಯಲ್ಲಿ ಹಲ್ಲೂ ಮೈಮೇಲೆ ಪುಕ್ಕವೂ ಇದ್ದ ಹಕ್ಕಿ, ಕಟ್ಟಕಡೆಗೆ ಮೇಲಿನ ತೆಳು ಮಣ್ಣಿನಲ್ಲಿ ನಾವು. ಕರಿಹಲಗೆಯ ಮೇಲೆ ಇದನ್ನೆಲ್ಲ ಬರೆದು ಕೈಯ ಸುಣ್ಣ ಕೊಡವಿಕೊಳ್ಳುವಾಗ ನನಗೆ ಹೆಮ್ಮೆಯೆನಿಸುತ್ತಿತ್ತು. ಈಗ ಹಾಗನ್ನಿಸುವುದಿಲ್ಲ. ನಮಗೆ ಸಿಕ್ಕಿರುವುದು ಅದೃಷ್ಟಕ್ಕೆ ಕೆಸರಿಗೆ ಬಿದ್ದವರ ಕತೆ. ತಮ್ಮ ಪಾಡಿಗೆ ಬದುಕಿ ದಡದ ಮೇಲೆ ಸತ್ತವರು ಇದ್ದರೋ ಇಲ್ಲವೋ ಯಾರಿಗೂ ತಿಳಿಯದು, ಮತ್ತು ಅವರೇ ಹೆಚ್ಚು.

ಪಾಠಕ್ಕೊಂದು ಪ್ರಯೋಗವೂ ಇತ್ತು. ಜೇಡಿಮಣ್ಣಿನಲ್ಲಿ ಎಲೆಯನ್ನೋ ಮೂಳೆಯನ್ನೋ ಒತ್ತಿ, ಅಚ್ಚಿಗೆ ಪ್ಲಾಸ್ಟರ್ ಸುರಿದು ಮಕ್ಕಳಿಗೆ ನಕಲಿ ಪಳೆಯುಳಿಕೆ ಮಾಡಿ ತೋರಿಸುವುದು. ನನಗೆ ಮೂಳೆ ಎಲ್ಲಿಂದ ಬರಬೇಕು? ನಮ್ಮ ಶಾಲೆಯ ಡ್ರಿಲ್ ಮೇಷ್ಟ್ರು ನಂಜೇಗೌಡರು, ದಂಡಿಗನಹಳ್ಳಿ ಕಡೆಯ ಜಮೀನುದಾರರು, ನನ್ನ ಪರಮಸ್ನೇಹಿತರು, "ಅದ್ಕ್ಯಾಕ್ ಚಿಂತೆ ಮೇಷ್ಟ್ರೇ, ಬಾನ್ವಾರ ನಮ್ಮನೇಲಿ ಕೋಳಿ ಕುಯ್ತೀವಿ" ಎಂದವರು, ಸೋಮವಾರ ಚೆನ್ನಾಗಿ ತೊಳೆದ ಕೋಳಿಕಾಲಿನ ಮೂಳೆಯನ್ನು ಕಾಗದದಲ್ಲಿ ಸುತ್ತಿ ತಂದುಕೊಟ್ಟರು. ಪ್ರಯೋಗ ಭರ್ಜರಿಯಾಗಿ ಆಯಿತು. ಆದರೆ ಮೂಳೆ ನನ್ನ ಚೀಲದಲ್ಲೇ ಉಳಿದುಹೋಯಿತು. ಸಂಜೆ ಅಮ್ಮ ಚೀಲಕ್ಕೆ ಕೈಹಾಕಿದಳು, ತರಕಾರಿ ತಂದಿದ್ದೇನೆಂದು.

ಆ ಕೂಗನ್ನು ನಾನು ವರ್ಣಿಸಲಾರೆ. ಅಕ್ಕಪಕ್ಕದ ಮನೆಯವರೆಲ್ಲ ಬಾಗಿಲಿಗೆ ಬಂದರು. ನಾನು ವಿಜ್ಞಾನ, ಪ್ರಯೋಗ, ಇಲಾಖೆ ಎಂದು ತೊದಲುತ್ತಿದ್ದೆ. ಹೊಸದಾಗಿ ಮದುವೆಯಾಗಿ ಬಂದಿದ್ದ ರುಕ್ಕು ಒಳಗಿನಿಂದ ಬಂದಳು, ನಡುಮನೆಯಲ್ಲಿ ಬಿದ್ದಿದ್ದ ಮೂಳೆಯನ್ನು ಎಡಗೈಯಲ್ಲಿ ಎತ್ತಿಕೊಂಡಳು, ಅಂಗಳಕ್ಕೆ ಹೋಗಿ ಬೀಸಿದಳು. ಅದು ಕಾಂಪೌಂಡು ದಾಟಿ, ರಸ್ತೆ ದಾಟಿ, ಎದುರು ಖಾಲಿ ಸೈಟಿನ ಪೊದೆಯೊಳಗೆ ಹೋಗಿ ಬಿತ್ತು. "ಪ್ಲಾಸ್ಟಿಕ್ಕಿಂದು ಅತ್ತೆ. ಸ್ಕೂಲಲ್ಲಿ ಕೊಟ್ಟಿರ್ತಾರೆ" ಎಂದಳು, ತಣ್ಣಗೆ. ಅಮ್ಮ ನಂಬಿದಳು, ಇಲ್ಲವೇ ನಂಬುವುದೇ ವಾಸಿ ಎಂದುಕೊಂಡಳು. ನನಗೆ ಅವಳ ಮೇಲೆ ಪ್ರೀತಿ ಮೂಡಿದ್ದು ಅವತ್ತೇ ಇರಬೇಕು. ಆದರೆ ಆ ಎಸೆತದಲ್ಲಿ ಇನ್ನೊಂದು ವಿಷಯವೂ ಇತ್ತು, ಅದು ನನ್ನ ಕಣ್ಣಿಗೆ ಬೀಳಲಿಲ್ಲ. ಅದಕ್ಕೆ ಆಮೇಲೆ ಬರುತ್ತೇನೆ.

ಅವಳ ಅಸ್ಥಿಯನ್ನು ರಾಮನಾಥಪುರದಲ್ಲಿ ಕಾವೇರಿಗೆ ಬಿಟ್ಟೆವು. ನಮಗೆ ಗಂಡುಮಕ್ಕಳಿಲ್ಲ, ಕರ್ಮ ಮಾಡಿದವನು ನಾನೇ. ಮೊಣಕಾಲವರೆಗೆ ನೀರಿನಲ್ಲಿ ನಿಂತಿದ್ದೆ. ಪುರೋಹಿತರು ಮಂತ್ರ ಹೇಳುತ್ತಿದ್ದರೆ ನನ್ನ ತಲೆಯಲ್ಲಿ, ನೀವು ನಗಬೇಡಿ, ನನ್ನದೇ ಪಾಠ ಓಡುತ್ತಿತ್ತು. ಗಟ್ಟಿ ಭಾಗ ಇರಬೇಕು. ಸುಟ್ಟುಬಿಟ್ಟೆವು. ಹೂಳಿನಲ್ಲಿ ಹೂತುಹೋಗಬೇಕು. ನೀರಿಗೆ ಬಿಟ್ಟೆವು. ನಿಂತ ನೀರಾಗಿರಬೇಕು. ಹರಿಯುವ ಕಾವೇರಿ. ಯಾರೂ ಕದಡಬಾರದು. ಮಡಕೆ ಬಗ್ಗಿಸುವ ಮೊದಲೇ ಮೀನುಗಳು ಮುತ್ತಿಕೊಂಡಿದ್ದವು. ಒಂದು ಜೀವದ ಗುರುತು ಭೂಮಿಯ ಮೇಲೆ ಉಳಿಯದಂತೆ ಮಾಡಬೇಕಾದರೆ ಏನೇನು ಮಾಡಬೇಕೋ ಅಷ್ಟನ್ನೂ ನಾವು ಶ್ರದ್ಧೆಯಿಂದ, ದಕ್ಷಿಣೆ ಕೊಟ್ಟು ಮಾಡುತ್ತೇವೆ. "ಹಿಂದಿರುಗಿ ನೋಡಬೇಡಿ, ಹಾಗೇ ಮೆಟ್ಟಿಲು ಹತ್ತಿ" ಎಂದರು ಪುರೋಹಿತರು. ಜನ್ಮವೆಲ್ಲ ಮಕ್ಕಳಿಗೆ ಹಿಂದಿರುಗಿ ನೋಡುವುದನ್ನೇ ಕಲಿಸಿದವನು ನಾನು. ಆದರೂ ನೋಡಲಿಲ್ಲ. ಹೆದರಿಕೆಯಾಯಿತು.

ನಂಜೇಗೌಡರ ಮನೆಯವರು ಹೋಗಿ ಆಗಲೇ ಕೆಲವು ವರ್ಷವಾಗಿತ್ತು. ಅವರಲ್ಲಿ ಸ್ವಂತ ಜಮೀನಿನಲ್ಲೇ ಹೂಳುವ ಪದ್ಧತಿ. ರುಕ್ಕು ಹೋದ ಮೇಲೆ ನಾನು ಮಂಕು ಬಡಿದವನ ಹಾಗೆ ಕೂತಿರುವುದನ್ನು ನೋಡಲಾರದೆ, ಗೌಡರು ಒಂದು ದಿನ ಕಾರು ತಂದು ದಂಡಿಗನಹಳ್ಳಿಗೆ ಕರೆದುಕೊಂಡು ಹೋದರು. ಶಾಂತಿಗ್ರಾಮ ದಾಟಿ ಅವರ ತೋಟದ ಹತ್ತಿರ ಇಳಿದೆವು. ತೆಂಗಿನ ಸಾಲಿನ ಕೊನೆಗೆ, ಕಣಗಿಲೆ ಗಿಡದ ಕೆಳಗೆ ಒಂದು ಸಣ್ಣ ಸಿಮೆಂಟಿನ ಕಟ್ಟೆ.

"ಬನ್ನಿ ಮೇಷ್ಟ್ರೇ, ನಮ್ಮೋಳ್ನ ಒಸಿ ಮಾತಾಡ್ಸ್ಕಂಡ್ ಓಗಾನ" ಎಂದು ಗೌಡರು ಕಟ್ಟೆಯ ಪಕ್ಕ ಟವಲು ಹಾಸಿ ಕೂತರು. ಕಟ್ಟೆಯ ಕಡೆ ತಿರುಗಿ, "ನೋಡೇ, ಮೇಷ್ಟ್ರು ಬಂದವ್ರೆ" ಎಂದರು. ಆಮೇಲೆ ಹಸು ಕರು ಹಾಕಿದ್ದನ್ನೂ ಡೇರಿಯಲ್ಲಿ ಜಗಳವಾದದ್ದನ್ನೂ ಹೇಳಿದರು. ಏನೂ ನಾಟಕವಿಲ್ಲ, ಸಂಜೆ ಜಗಲಿಯ ಮೇಲೆ ಕೂತು ಹೆಂಡತಿಗೆ ಹೇಳಿದಷ್ಟೇ ಸಹಜ. ನನಗೆ ಹೊಟ್ಟೆ ಉರಿಯಿತು. ನಾಚಿಕೆಯಿಲ್ಲದೆ ಹೇಳುತ್ತೇನೆ, ಸ್ನೇಹಿತನ ಹೆಂಡತಿಯ ಸಮಾಧಿ ನೋಡಿ ಹೊಟ್ಟೆಕಿಚ್ಚುಪಟ್ಟವನು ನಾನು.

"ನಂದೂ ಇಲ್ಲೇ ಪಕ್ಕದಾಗೆ" ಎಂದರು ಗೌಡರು. "ಲಕ್ಸಾಂತ್ರ ವರ್ಸ ಆದ್ಮ್ಯಾಕೆ ಯಾರಾನಾ ಅಗುದ್ರೆ ಇಬ್ರೂ ಒಟ್ಗೇ ಸಿಕ್ತೀವಿ. ನಿಮ್ ಪಾಠ್ದಾಗೆ ಏಳ್ತಿದ್ರಲ್ಲ, ಅಂಗೆ."

ಮೇಷ್ಟ್ರ ಬಾಯಿ ಸುಮ್ಮನಿರಬೇಕಲ್ಲ. "ಇಲ್ಲ ಗೌಡ್ರೇ. ನಮ್ಮ ಕೆಂಪುಮಣ್ಣು ಹುಳಿ. ಮೂಳೆ ಹೆಚ್ಚು ಕಾಲ ನಿಲ್ಲಲ್ಲ. ಪಳೆಯುಳಿಕೆ ಆಗಲ್ಲ" ಎಂದುಬಿಟ್ಟೆ. ಅಂದ ಮೇಲೆ ನಾಲಿಗೆ ಕಚ್ಚಿಕೊಂಡೆ.

ಗೌಡರಿಗೆ ಸಿಟ್ಟು ಬರಲಿಲ್ಲ. ಕಣಗಿಲೆಯ ಒಣಗಿದ ಹೂ ಎತ್ತಿ ಹಾಕುತ್ತಾ, "ಅಯ್ಯೋ, ಉಳೀಲಿ ಅಂತ ಯಾರ್ ಊತ್ರು ಮೇಷ್ಟ್ರೇ? ಕುಂತ್ಕಳಾಕೆ ಒಂದ್ ಜಾಗ ಇರ್ಲಿ ಅಂತ ಊತಿದ್ದು" ಎಂದರು.

ನನಗೆ ಕೂರುವುದಕ್ಕೆ ಜಾಗವಿರಲಿಲ್ಲ. ರಾಮನಾಥಪುರದ ಮೆಟ್ಟಿಲ ಮೇಲೆ ಒಂದೆರಡು ಸಲ ಹೋಗಿ ಕೂತು ನೋಡಿದೆ. ನಾನು ಅವಳನ್ನು ಬಿಟ್ಟ ನೀರು ಎಂದೋ ಸಮುದ್ರ ಸೇರಿದೆ, ಎದುರಿಗಿರುವುದು ಬೇರೆಯವರ ನೀರು. ಎದ್ದು ಬಂದೆ.

ಮೊನ್ನೆ ಶುಭಾ ಹೊಸ ಸೌಟು ತಂದೇಬಿಟ್ಟಳು. ಹಿಡಿಗೆ ಕಪ್ಪು ಪ್ಲಾಸ್ಟಿಕ್ಕು, ಅಂಚಿಗೆ ಯಾವ ಲಕ್ಷಣವೂ ಇಲ್ಲ. "ಹಳೇದನ್ನ ಅಟ್ಟಕ್ಕೆ ಹಾಕಿ ಅಪ್ಪಾ" ಎಂದು ಹೇಳಿ ಕೆಲಸಕ್ಕೆ ಹೋದಳು. ಎಸೆಯುವುದಕ್ಕಿಂತ ಅಟ್ಟ ವಾಸಿ ಎಂದು ಏಣಿ ಹತ್ತಿದೆ. ನಮ್ಮ ಅಟ್ಟವನ್ನು ಯಾರೂ ಕದಡಿದವರಲ್ಲ. ಮೇಲೆ ಮಿಕ್ಸಿಯ ರಟ್ಟಿನ ಡಬ್ಬಗಳು, ಅದರ ಕೆಳಗೆ ಸ್ಟೀಲು, ಅದರ ಕೆಳಗೆ ನೆಗ್ಗಿದ ಅಲ್ಯೂಮಿನಿಯಂ ಪಾತ್ರೆಗಳು, ಶುಭಾಳಿಗೆ ಹಾಲು ಕುಡಿಸುತ್ತಿದ್ದ ಒಳಲೆ, ತೀರಾ ಕೆಳಗೆ ನಮ್ಮಮ್ಮನ ಕಾಲದ ಹಿತ್ತಾಳೆ. ದೂಳಿಗೆ ಸೀನುತ್ತಾ ಒಂದೊಂದೇ ಪದರ ಸರಿಸುತ್ತಿದ್ದವನಿಗೆ ತಳದಲ್ಲಿ ಅಮ್ಮನ ಸೌಟು ಸಿಕ್ಕಿತು. ಎರಡನ್ನೂ ಕಿಟಕಿಯ ಬೆಳಕಿಗೆ ಹಿಡಿದೆ. ಇಷ್ಟು ವರ್ಷ ಮಕ್ಕಳಿಗೆ ಕಲಿಸಿದ್ದೇ ಅದು. ಒಂದನ್ನೇ ನೋಡಿದರೆ ಏನೂ ತಿಳಿಯದು, ಎರಡನ್ನು ಪಕ್ಕಪಕ್ಕ ಇಡಬೇಕು.

ಅಮ್ಮನ ಸೌಟಿನ ಎಡಗಡೆಯ ಅಂಚು ಸವೆದಿತ್ತು. ಬಲಗೈಯಲ್ಲಿ ಹಿಡಿದು ಕೆದಕಿದರೆ ಬಾಣಲೆಗೆ ತಾಗುವುದು ಆ ಅಂಚೇ. ರುಕ್ಕುವಿನ ಸೌಟಿನ ಬಲಗಡೆಯ ಅಂಚು ಸವೆದಿತ್ತು. ಸ್ವಲ್ಪವಲ್ಲ. ದುಂಡಗಿದ್ದ ಅಂಚು ಓರೆಯಾಗಿ ಕುಡುಗೋಲಿನ ಬಾಯಿಯಷ್ಟು ತೆಳ್ಳಗಾಗುವವರೆಗೆ ಸವೆದಿತ್ತು. ಬಾಣಲೆಯ ಹತ್ತಿರ ಹೋಗಿ ಬಲಗೈಯಲ್ಲಿ ಹಿಡಿದು ನೋಡಿದೆ, ಕೂರಲಿಲ್ಲ. ಎಡಗೈಗೆ ಬದಲಾಯಿಸಿದೆ. ಅಂಚು ತಳಕ್ಕೆ ಅಂಟಿಕೊಂಡು ಸರಾಗವಾಗಿ ಹರಿಯಿತು. ಖಾಲಿ ಬಾಣಲೆಯಲ್ಲಿ ಅದನ್ನೇ ಆಡಿಸುತ್ತಾ ಎಷ್ಟು ಹೊತ್ತು ನಿಂತಿದ್ದೆನೋ ತಿಳಿಯದು.

ಪಳೆಯುಳಿಕೆಗಳಲ್ಲಿ ಇನ್ನೊಂದು ಜಾತಿಯಿದೆ. ಅದರಲ್ಲಿ ಪ್ರಾಣಿಯ ಮೈಯ ಒಂದು ಚೂರೂ ಇರುವುದಿಲ್ಲ. ಬರೀ ಹೆಜ್ಜೆ, ಬಿಲ, ತೆವಳಿದ ಗೆರೆ. ಹೇಮಾವತಿಯ ಪ್ರವಾಹ ಇಳಿದ ಮೇಲೆ ಮೆಟ್ಟಿಲ ಮೇಲೆ ಒಣಗುತ್ತಿದ್ದ ಮೆಕ್ಕಲು ಮಣ್ಣಿನ ಹಪ್ಪಳಗಳನ್ನು ನಾನು ಎಬ್ಬಿಸಿ ನೋಡುತ್ತಿದ್ದೆ, ಮೇಲ್ಮೈಯಲ್ಲಿ ಕಾಗೆಯ ಕಾಲಿನ ಅಚ್ಚು ಇರುತ್ತಿತ್ತು. ಕಾಗೆ ಎಲ್ಲಿಗೋ ಹಾರಿಹೋಗಿರುತ್ತಿತ್ತು. ಮೂಳೆಯಿಂದ ಪ್ರಾಣಿ ಹೇಗಿತ್ತು ಎಂದು ತಿಳಿಯುತ್ತದೆ, ಹೆಜ್ಜೆಯಿಂದ ಅದು ಹೇಗೆ ಬದುಕಿತು ಎಂದು ತಿಳಿಯುತ್ತದೆ ಎಂದು ನಾನು ಪಾಠದಲ್ಲಿ ಹೇಳುತ್ತಿದ್ದೆ, ಪರೀಕ್ಷೆಗೆ ಬರುತ್ತದೆ ಬರೆದುಕೊಳ್ಳಿ ಎನ್ನುತ್ತಿದ್ದೆ.

ಸಂಜೆ ಶುಭಾ ಬಂದು ಚಪ್ಪಲಿ ಬಿಡುವ ಮೊದಲೇ ಕೇಳಿದೆ. "ನಿಮ್ಮಮ್ಮ ಎಡಚಿಯೇನೇ?"

ಅವಳು ನನ್ನ ಮುಖ ನೋಡಿದಳು. "ನಿಮಗೆ ಗೊತ್ತಿರ್ಲಿಲ್ವಾ ಅಪ್ಪಾ?"

"ಬಲಗೈಯಲ್ಲೇ ಬರೀತಿದ್ದಳಲ್ಲೇ. ಬಲಗೈಯಲ್ಲೇ ಬಡಿಸ್ತಿದ್ದಳು."

"ಬರೆಯೋದನ್ನ ಸ್ಕೂಲಲ್ಲಿ ಹೊಡೆದು ಬಲಗೈಗೆ ತಂದ್ರಂತೆ. ಎಡಗೈಯಲ್ಲಿ ಬಡಿಸಿದ್ರೆ ಅಜ್ಜಿ ಊಟ ಬಿಟ್ಟು ಏಳ್ತಿದ್ರು. ಹೆಣ್ಣು ನೋಡೋಕೆ ನೀವೆಲ್ಲ ಹೋದಾಗ ಕಾಫಿ ತರೋಕೆ ಒಂದು ವಾರ ಪ್ರಾಕ್ಟೀಸ್ ಮಾಡಿಸಿದ್ರಂತೆ, ಅಮ್ಮನೇ ಹೇಳಿ ನಗೋಳು. ಅಡುಗೆಮನೇಲಿ ಒಬ್ಬಳೇ ಇದ್ದಾಗ ಮಾತ್ರ ಎಲ್ಲಾ ಎಡಗೈಯಲ್ಲೇ. ಅಜ್ಜಿ ಹೆಜ್ಜೆ ಸದ್ದು ಕೇಳಿದ್ರೆ ಸೌಟು ಈ ಕೈಗೆ ಬರೋದು. ಮಲ್ಲಿಗೆ ಹೂ ಕಟ್ಟೋದೂ ಎಡಗೈಯಲ್ಲೇ, ನನಗೆ ಅದಕ್ಕೇ ಕಲಿಯೋಕಾಗ್ಲಿಲ್ಲ."

"ಅಜ್ಜಿ ಹೋದ ಮೇಲೂನಾ?"

"ನಿಮ್ಮ ಹೆಜ್ಜೆ ಸದ್ದು ಕೇಳಿದ್ರೂ ಅಷ್ಟೇ. ಅಭ್ಯಾಸ ಆಗಿಹೋಗಿತ್ತೇನೋ, ಪಾಪ."

ಅವಳು ಕಾಲು ತೊಳೆಯಲು ಒಳಗೆ ಹೋದಳು. ನಾನು ಅಲ್ಲೇ ಕೂತೆ. ಆ ಕೋಳಿಮೂಳೆ ರಸ್ತೆ ದಾಟಿ ಹೋಗಿ ಬಿದ್ದದ್ದು ಆಗ ನೆನಪಾಯಿತು. ಬಲಗೈಯವರು ಯಾರೂ ಎಡಗೈಯಲ್ಲಿ ಅಷ್ಟು ದೂರ ಎಸೆಯಲಾರರು. ಮೈಲಿಗೆಯ ವಸ್ತುವನ್ನು ಎಡಗೈಯಲ್ಲೇ ಮುಟ್ಟುವುದು ವಾಡಿಕೆಯಾದ್ದರಿಂದ ನಮ್ಮ ಯಾರ ಗಮನಕ್ಕೂ ಅದು ಬರಲಿಲ್ಲ. ಮಾಳಿಗೆಯ ಮೇಲೆ ಸಂಡಿಗೆ ಕದಿಯುತ್ತಿದ್ದ ಕೋತಿಗೆ ಒಮ್ಮೆ ಅವಳು ಬೀಸಿದ ಕಲ್ಲೂ ನೆನಪಾಯಿತು, ಗುರಿ ತಪ್ಪಿರಲಿಲ್ಲ. ಒಂದು ಹಲ್ಲಿನ ಚೂರಿನಿಂದ, ಭೂಮಿಯಿಂದ ಎಂದೋ ಅಳಿದ ಪ್ರಾಣಿ ಹುಲ್ಲು ತಿನ್ನುತ್ತಿತ್ತೋ ಮಾಂಸ ತಿನ್ನುತ್ತಿತ್ತೋ ಹೇಳಬಲ್ಲೆ ಎಂದು ಕೊಚ್ಚಿಕೊಳ್ಳುತ್ತಿದ್ದ ಮೇಷ್ಟ್ರು, ದಿನಾ ಎರಡು ಹೊತ್ತು ಬಡಿಸಿಕೊಂಡು ಉಂಡೂ ಇದನ್ನು ಕಾಣದವನು. ನನ್ನನ್ನು ನೋಡಿ ನನಗೇ ನಗು ಬಂತು. ಆಮೇಲೆ ಅಳು ಬಂತು. ಶುಭಾ ಬಚ್ಚಲಿನಲ್ಲಿ ನೀರು ಜೋರಾಗಿ ಬಿಟ್ಟುಕೊಂಡಳು, ಕೇಳಿಸಿಕೊಳ್ಳಲಿಲ್ಲವೆಂದು ನನಗೆ ತಿಳಿಯಲಿ ಅಂತ.

ಇಷ್ಟಾದ ಮೇಲೆ ಸೌಟನ್ನು ಅಟ್ಟಕ್ಕೆ ಹಾಕುವ ಮಾತೇ ಇರಲಿಲ್ಲ. ಮಾರನೆಯ ಬೆಳಿಗ್ಗೆ ಹುಣಿಸೆಹಣ್ಣು ಹಚ್ಚಿ ಉಜ್ಜುವಾಗ ಇನ್ನೊಂದು ಕಂಡಿತು. ಸವೆಯದೆ ದುಂಡಗೆ ಉಳಿದಿದ್ದ ಎಡಗಡೆಯ ಅಂಚಿನಲ್ಲಿ ಹೊಸ ಗೀರುಗಳು, ಥಳಥಳ ಹೊಳೆಯುತ್ತಿದ್ದವು. ಅವು ನನ್ನವು. ವರ್ಷದಿಂದ ಬಲಗೈಯಲ್ಲಿ ಕೆರೆದೂ ಕೆರೆದೂ ಆ ಅಂಚನ್ನೂ ಸವೆಸಲು ಶುರುಮಾಡಿದ್ದೆ. ಹೀಗೇ ಇನ್ನಷ್ಟು ವರ್ಷ ಉಪ್ಪಿಟ್ಟು ಮಾಡಿದರೆ ಎರಡು ಅಂಚೂ ಸಮವಾಗುತ್ತವೆ. ಆಮೇಲೆ ಎಂಥ ಪಂಡಿತನ ಕೈಗೆ ಕೊಟ್ಟರೂ ಈ ಮನೆಯಲ್ಲಿ ಒಬ್ಬ ಎಡಗೈಯವಳು ಬಾಳಿದ್ದಳೆಂದು ಹೇಳಲಾರ. ನದಿಗೆ ಬಿಟ್ಟದ್ದು ಶಾಸ್ತ್ರ. ಇದನ್ನು ಅಳಿಸುತ್ತಿದ್ದವನು ನಾನು, ಹಸಿವೆಗೆ, ಬೆಳಗಿನ ತಿಂಡಿಗೆ.

"ಹಾಗಾದ್ರೆ ದೇವರ ಮನೇಲಿ ಇಟ್ಬಿಡೋಣ ಅಪ್ಪಾ, ಮುಟ್ಟೋದು ಬೇಡ" ಎಂದಳು ಶುಭಾ. ಸಾಲಿಗ್ರಾಮದ ಪಕ್ಕ. ವಿಚಾರವೇನೋ ಚೆನ್ನಾಗಿತ್ತು. ಆದರೆ ನನಗೆ ಮನಸ್ಸಾಗಲಿಲ್ಲ. ಹೆಂಗಸರು ಮುಟ್ಟಬಾರದೆಂದು ಆ ಪೆಟ್ಟಿಗೆಯನ್ನೂ ಅವಳಿಂದ ದೂರವೇ ಇಟ್ಟಿದ್ದೆವು. ಅಲ್ಲಿ ಅವಳ ಸೌಟನ್ನು ಕೂರಿಸಿ ನಾಳೆಯಿಂದ ಕುಂಕುಮ ಹಚ್ಚುವುದು ನನ್ನ ಕೈಯಲ್ಲಾಗದ ಮಾತು.

ಹೀಗಾಗಿ ಎಡಗೈಯಲ್ಲಿ ಕೆದಕುವುದನ್ನು ಕಲಿಯುತ್ತಿದ್ದೇನೆ. ಸವೆದ ಅಂಚೇ ಇನ್ನೂ ಸವೆಯಲಿ, ಓರೆ ಓರೆಯಾಗಿಯೇ ಇರಲಿ. ಹೇಳಿದಷ್ಟು ಸುಲಭವಲ್ಲ ಮಾರಾಯರೇ. ನನ್ನ ಎಡಗೈ ಇಷ್ಟು ವರ್ಷ ವಾಚು ಕಟ್ಟಿಕೊಂಡದ್ದು ಬಿಟ್ಟರೆ ಬೇರೇನೂ ಮಾಡಿದ್ದಲ್ಲ. ರವೆ ಒಲೆಯ ಮೇಲೆ ಚೆಲ್ಲುತ್ತದೆ, ಒಗ್ಗರಣೆ ಮೊಣಕೈಗೆ ಸಿಡಿಯುತ್ತದೆ. ಬಲಗೈ ತಾನಾಗಿ ಮುಂದೆ ಬರುತ್ತದೆ, ಅದನ್ನು ಹಿಂದಕ್ಕೆ ಕಟ್ಟಿಕೊಂಡು ನಿಲ್ಲುತ್ತೇನೆ. ಅವಳನ್ನೂ ಶಾಲೆಯಲ್ಲಿ ಹೀಗೇ ಕೈ ಕಟ್ಟಿ ನಿಲ್ಲಿಸಿದ್ದರೇನೋ.

ನಿನ್ನೆ ಭಾನುವಾರ. ಶುಭಾಳಿಗೆ ರಜೆ, ಬಸ್ಸಿನ ಅವಸರವಿಲ್ಲ. ಮೇಜಿಗೆ ತಟ್ಟೆ ಹಾಕಿಕೊಂಡು ಕೂತಿದ್ದಳು. ನಾನು ಬಾಣಲೆಯನ್ನು ಬಟ್ಟೆಯಲ್ಲಿ ಹಿಡಿದು ತಂದಿಟ್ಟೆ. ಎಡಗೈಯಲ್ಲಿದ್ದ ಸೌಟು ಎಡಗೈಯಲ್ಲೇ ಇತ್ತು. ಬಾಣಲೆಯಿಂದ ತಟ್ಟೆಗೆ ಹೋಗುವಷ್ಟರಲ್ಲಿ ಅದನ್ನು ಬಲಗೈಗೆ ಬದಲಾಯಿಸಬೇಕಿತ್ತು, ಅವಳಮ್ಮ ಜನ್ಮವಿಡೀ ಬದಲಾಯಿಸಿದ ಹಾಗೆ. ನಾನು ಬದಲಾಯಿಸಲಿಲ್ಲ. ಬಡಿಸಿದೆ.

"ಅಪ್ಪಾ, ಎಡಗೈ..." ಎಂದು ಶುಭಾ ಬಾಯಿತೆರೆದವಳು ಅಲ್ಲಿಗೇ ನಿಲ್ಲಿಸಿದಳು. ಸೌಟನ್ನು ನೋಡಿದಳು, ನನ್ನನ್ನು ನೋಡಿದಳು. ತಟ್ಟೆಯಲ್ಲಿ ಬಿದ್ದದ್ದು ಅರ್ಧ ಕಪ್ಪಗೆ ಸೀದಿತ್ತು. ತಟ್ಟೆಯನ್ನು ಇನ್ನೂ ಹತ್ತಿರಕ್ಕೆ ತಳ್ಳಿ, "ಇನ್ನೊಂದು ಸೌಟು ಹಾಕಿ" ಎಂದಳು.

ಹಾಕಿದೆ. ನಮ್ಮ ಮನೆಯಲ್ಲಿ ಎಡಗೈಯಲ್ಲಿ ಬಡಿಸಿದ್ದನ್ನು ಒಬ್ಬರು ಕೇಳಿ ಹಾಕಿಸಿಕೊಂಡದ್ದು ಅದೇ ಮೊದಲು. ಬಡಿಸಬೇಕಾಗಿದ್ದವಳು ಮಾತ್ರ ಇರಲಿಲ್ಲ.